ಬ್ರಾಂಕ್ಸ್‌ಗೆ ಬೆಂಕಿ ಇಟ್ಟವರು ಯಾರು?

ಕೇಳುಗರೆಲ್ಲರಿಗೂ ನಮಸ್ಕಾರ.

1977ರ ಅಕ್ಟೋಬರ್ 12. ನ್ಯೂಯಾರ್ಕ್‌ನ ಯಾಂಕಿ ಸ್ಟೇಡಿಯಂನಲ್ಲಿ ಅಮೆರಿಕದ ಬೇಸ್‌ಬಾಲ್‌ನ ಅತಿ ದೊಡ್ಡ ಸರಣಿಯ ಎರಡನೇ ಪಂದ್ಯ. ದೇಶಕ್ಕೆ ದೇಶವೇ ಟಿವಿ ಮುಂದೆ ಕೂತಿತ್ತು. ಮೇಲಿನಿಂದ ಚಿತ್ರ ತೆಗೆಯುತ್ತಿದ್ದ ಕ್ಯಾಮೆರಾ ಮೈದಾನ ಬಿಟ್ಟು ಆಚೆ ತಿರುಗಿತು. ಅಲ್ಲೇ ಹತ್ತಿರದಲ್ಲಿ, ಪಾಳು ಬಿದ್ದಿದ್ದ ಶಾಲೆಯ ಕಟ್ಟಡವೊಂದು ಧಗಧಗ ಉರಿಯುತ್ತಿತ್ತು. ಆಟ ನಿಲ್ಲಲಿಲ್ಲ. "ಬ್ರಾಂಕ್ಸ್ ಹೊತ್ತಿ ಉರಿಯುತ್ತಿದೆ" ಅಂತ ಕಾಮೆಂಟರಿ ಹೇಳುತ್ತಿದ್ದ ಹವರ್ಡ್ ಕೊಸೆಲ್ ಆ ರಾತ್ರಿ ಉದ್ಗರಿಸಿದರು ಎಂದು ಇವತ್ತಿಗೂ ಹೇಳುವವರಿದ್ದಾರೆ. ರೆಕಾರ್ಡಿಂಗ್‌ನಲ್ಲಿ ಆ ವಾಕ್ಯ ಹಾಗೆ ಇಲ್ಲ. ಆದರೂ ಅದು ಆ ಊರಿಗೆ ಅಂಟಿಕೊಂಡಿತು, ಬಿಡಲೇ ಇಲ್ಲ.

ನ್ಯೂಯಾರ್ಕ್ ನಗರಕ್ಕೆ ಐದು ಭಾಗ. ಮುಗಿಲೆತ್ತರದ ಕಟ್ಟಡಗಳಿರುವ ಮ್ಯಾನ್‌ಹ್ಯಾಟನ್ ನಮಗೆಲ್ಲ ಗೊತ್ತು. ಅದರ ಉತ್ತರಕ್ಕೆ, ಹಾರ್ಲೆಮ್ ನದಿ ದಾಟಿದರೆ ಸಿಗುವುದು ಬ್ರಾಂಕ್ಸ್. ಅದರ ದಕ್ಷಿಣ ಭಾಗ 1970ರ ದಶಕದಲ್ಲಿ ಬೀದಿ ಬೀದಿಯಾಗಿ ಸುಟ್ಟು ಹೋಯಿತು. ಯಾರು ಸುಟ್ಟರು ಎಂದು ಕೇಳಿದರೆ ಆಗ ಸಿಗುತ್ತಿದ್ದ ಉತ್ತರ ಒಂದೇ: "ಇನ್ಯಾರು? ಅಲ್ಲಿನ ಜನರೇ." ಬಡವರು, ಕಪ್ಪು ಜನ, ಪೋರ್ಟೊರಿಕೊದಿಂದ ಬಂದವರು, ಪುಂಡರ ಗುಂಪುಗಳು. ಆ ಉತ್ತರ ದೊಡ್ಡ ಅನ್ಯಾಯ ಅಂತ ನನಗೆ ಅನ್ನಿಸುತ್ತದೆ. ಯಾಕೆ ಅಂತ ಇವತ್ತು ನಿಮಗೆ ಹೇಳಬೇಕು.

ಬ್ರಾಂಕ್ಸ್ ಮೊದಲಿನಿಂದ ಕೊಳೆಗೇರಿಯಾಗಿರಲಿಲ್ಲ. 1900ರಲ್ಲಿ ಅಲ್ಲಿದ್ದವರು ಸುಮಾರು 2 ಲಕ್ಷ ಜನ. ಸುರಂಗ ರೈಲು ಬಂತು, ಮ್ಯಾನ್‌ಹ್ಯಾಟನ್‌ನ ಗಾಳಿ ಬೆಳಕಿಲ್ಲದ ಕೋಣೆಗಳಲ್ಲಿದ್ದ ಯಹೂದಿ, ಐರಿಷ್, ಇಟಾಲಿಯನ್ ಕೂಲಿ ಕುಟುಂಬಗಳು ರೈಲು ಹತ್ತಿ ಇಲ್ಲಿಗೆ ಬಂದವು. 1930ರ ಹೊತ್ತಿಗೆ ಜನಸಂಖ್ಯೆ 12 ಲಕ್ಷ 65 ಸಾವಿರ. ಐದಾರು ಅಂತಸ್ತಿನ ಗಟ್ಟಿ ಇಟ್ಟಿಗೆಯ ಕಟ್ಟಡಗಳು. ನಡುವೆ ಗ್ರ್ಯಾಂಡ್ ಕಾನ್‌ಕೋರ್ಸ್ ಎಂಬ 182 ಅಡಿ ಅಗಲದ ರಸ್ತೆ. ಆ ರಸ್ತೆಯಲ್ಲಿ ಮನೆ ಸಿಕ್ಕಿದರೆ ಬಾಳು ಒಂದು ದಡ ಮುಟ್ಟಿತು ಎಂದು ಜನ ನೆಮ್ಮದಿ ಪಡುತ್ತಿದ್ದ ಕಾಲ ಅದು.

ಮೊದಲ ಪೆಟ್ಟು ಬಿದ್ದದ್ದು ಕಾಗದದ ಮೇಲೆ. 1930ರ ದಶಕದಲ್ಲಿ ಅಮೆರಿಕ ಸರ್ಕಾರದ ಗೃಹಸಾಲ ಸಂಸ್ಥೆಯೊಂದು ದೊಡ್ಡ ನಗರಗಳ ನಕ್ಷೆ ಮಾಡಿಸಿತು. ಯಾವ ಬೀದಿಗೆ ಸಾಲ ಕೊಟ್ಟರೆ ದುಡ್ಡು ವಾಪಸ್ ಬರುತ್ತದೆ, ಎಲ್ಲಿ ಬರುವುದಿಲ್ಲ ಎಂದು ಗುರುತಿಸುವ ನಕ್ಷೆ. ಒಳ್ಳೆಯ ಜಾಗಕ್ಕೆ ಹಸಿರು, ಆಮೇಲೆ ನೀಲಿ, ಹಳದಿ. ಅಪಾಯ ಎನಿಸಿದ ಜಾಗಕ್ಕೆ ಕೆಂಪು. ಜೊತೆಗೊಂದು ಫಾರಂ ಇರುತ್ತಿತ್ತು. ಕಟ್ಟಡ ಎಷ್ಟು ಹಳೆಯದು, ಬಾಡಿಗೆ ಎಷ್ಟು ಎಂಬುದರ ಜೊತೆ ಅಲ್ಲಿ ವಾಸಿಸುವವರು ಯಾವ ಜನಾಂಗದವರು, ಕಪ್ಪು ಜನ ಬರುತ್ತಿದ್ದಾರಾ ಎಂಬುದಕ್ಕೂ ಅದರಲ್ಲಿ ಕಾಲಂ. ಮನೆ ಸಾಲಕ್ಕೆ ಭದ್ರತೆ ಕೊಡುತ್ತಿದ್ದ ಇನ್ನೊಂದು ಸರ್ಕಾರಿ ಇಲಾಖೆಯೂ ಇದೇ ಲೆಕ್ಕದಲ್ಲಿ ನಡೆಯಿತು. ದಕ್ಷಿಣ ಬ್ರಾಂಕ್ಸ್‌ನಂಥ ಕಡೆ ಹಳೇ ಕಟ್ಟಡ ರಿಪೇರಿಗೆ ಬ್ಯಾಂಕ್ ಸಾಲ ಹುಟ್ಟುವುದು ಕಷ್ಟವಾಯಿತು. ಅದೇ ಇಲಾಖೆಯ ಭದ್ರತೆಯಲ್ಲಿ ಊರ ಹೊರಗೆ ಹೊಸ ಬಡಾವಣೆಗಳು ಎದ್ದವು. ಬಿಳಿಯರಿಗೆ ಅಲ್ಲಿ ಸುಲಭವಾಗಿ ಸಾಲ ಸಿಕ್ಕಿತು, ಹೋದರು.

ಎರಡನೇ ಪೆಟ್ಟು ರಸ್ತೆಯದು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ರಾಬರ್ಟ್ ಮೋಸೆಸ್ ಎಂಬ ಅಧಿಕಾರಿ. ಚುನಾವಣೆ ಗೆದ್ದು ಬಂದವರಲ್ಲ. ಆದರೆ ದಶಕಗಟ್ಟಲೆ ನ್ಯೂಯಾರ್ಕ್‌ನ ಸೇತುವೆ, ಪಾರ್ಕು, ಹೆದ್ದಾರಿ ಎಲ್ಲವೂ ಅವರ ಕೈಯಲ್ಲಿತ್ತು. ಬ್ರಾಂಕ್ಸ್‌ನ ಎದೆ ಸೀಳಿಕೊಂಡು ಹೋಗುವ ಕ್ರಾಸ್ ಬ್ರಾಂಕ್ಸ್ ಎಕ್ಸ್‌ಪ್ರೆಸ್‌ವೇಯನ್ನು 1948ರಲ್ಲಿ ಶುರು ಮಾಡಿಸಿದರು. ದಾರಿಯಲ್ಲಿ ಈಸ್ಟ್ ಟ್ರೆಮಾಂಟ್ ಎಂಬ ಬಡಾವಣೆ ಇತ್ತು. ಹೆಚ್ಚಿನವರು ಯಹೂದಿಗಳು, ಬಟ್ಟೆ ಕಾರ್ಖಾನೆಗಳಲ್ಲಿ ದುಡಿಯುವವರು. ಬಾಡಿಗೆ ಕಡಿಮೆ, ಪಾರ್ಕ್ ಹತ್ತಿರ, ಶಾಲೆ ಹತ್ತಿರ. 1952ರ ಡಿಸೆಂಬರ್‌ನಲ್ಲಿ ಮನೆ ಮನೆಗೂ ಪತ್ರ ಬಂತು. ಕೆಳಗೆ ಮೋಸೆಸ್ ಸಹಿ. ನಿಮ್ಮ ಕಟ್ಟಡ ರಸ್ತೆಗೆ ಹೋಗುತ್ತದೆ, 90 ದಿನದಲ್ಲಿ ಖಾಲಿ ಮಾಡಿ ಎಂಬುದು ಅದರ ಸಾರಾಂಶ. ಒಂದೇ ಮೈಲಿ ಉದ್ದದಲ್ಲಿ 54 ಅಪಾರ್ಟ್‌ಮೆಂಟ್ ಕಟ್ಟಡ, 1,530 ಕುಟುಂಬ.

ಮನೆವಾರ್ತೆ ನೋಡಿಕೊಂಡಿದ್ದ ಹೆಂಗಸರು ಮುಂದೆ ಬಂದು ಸಮಿತಿ ಕಟ್ಟಿದರು. ಎಂಜಿನಿಯರುಗಳನ್ನು ಹಿಡಿದು ಇನ್ನೊಂದು ನಕ್ಷೆ ಬರೆಸಿದರು. ರಸ್ತೆಯನ್ನು ಎರಡು ಬೀದಿ ದಕ್ಷಿಣಕ್ಕೆ, ಪಾರ್ಕ್‌ನ ಅಂಚಿಗೆ ಸರಿಸಿದರೆ ಬೆರಳೆಣಿಕೆಯಷ್ಟು ಕಟ್ಟಡ ಹೋಗುತ್ತಿತ್ತು, ಅಷ್ಟೇ. ನಗರದ ಕಚೇರಿಗಳಿಗೆ ಅಲೆದರು, ಸಭೆಗಳಲ್ಲಿ ಕೂತರು. ಮೋಸೆಸ್ ಜಗ್ಗಲಿಲ್ಲ. ರಸ್ತೆ ಅವರು ಗೆರೆ ಎಳೆದಲ್ಲೇ ಹೋಯಿತು. ಒಂದು ಕಟ್ಟಡ ಒಡೆಯುವಾಗ ಪಕ್ಕದ ಕಟ್ಟಡದಲ್ಲಿ ಇನ್ನೂ ಜನ ಇದ್ದರು. ಡೈನಮೈಟ್ ಸದ್ದು, ಬಂಡೆ ಕೊರೆಯುವ ಸದ್ದು, ಧೂಳು. ಉಳಿದವರೂ ಗಂಟುಮೂಟೆ ಕಟ್ಟಿದರು. 1968ರ ನಂತರ ಬ್ರಾಂಕ್ಸ್‌ನ ಇನ್ನೊಂದು ತುದಿಯಲ್ಲಿ ಕೋ-ಆಪ್ ಸಿಟಿ ಎಂಬ 15,000ಕ್ಕೂ ಹೆಚ್ಚು ಮನೆಗಳ ಭಾರಿ ಸಮುಚ್ಚಯ ತೆರೆದಾಗ ಗ್ರ್ಯಾಂಡ್ ಕಾನ್‌ಕೋರ್ಸ್‌ನಿಂದಲೂ ಸಾವಿರಾರು ಕುಟುಂಬ ಅತ್ತ ಹೋದವು. ಖಾಲಿಯಾದ ಮನೆಗಳಿಗೆ ಬಂದವರು ಇನ್ನೂ ಬಡವರು. ಅವರು ಬರುವಷ್ಟರಲ್ಲಿ ಕಾರ್ಖಾನೆಗಳು ಊರು ಬಿಡುತ್ತಿದ್ದವು.

ಈಗ ಬೆಂಕಿಗೆ ಬರೋಣ.

1960ರ ದಶಕದಲ್ಲಿ ಅಮೆರಿಕದ ನಗರಗಳಲ್ಲಿ ದಂಗೆಗಳಾದವು. ಇಂಥ ಬೀದಿಗಳಿಗೆ ಇನ್ಶೂರೆನ್ಸ್ ಕಂಪನಿಗಳು ಪಾಲಿಸಿ ಕೊಡುವುದನ್ನೇ ಬಿಟ್ಟವು. ಹಾಗಾಗಬಾರದು ಎಂದು 1968ರಲ್ಲಿ ಕೇಂದ್ರ ಸರ್ಕಾರ ಒಂದು ಕಾನೂನು ತಂದಿತು. ಕಂಪನಿಗಳೆಲ್ಲ ಸೇರಿ ಒಂದು ನಿಧಿ ಮಾಡಬೇಕು, ಬಡ ಬಡಾವಣೆಯ ಕಟ್ಟಡಗಳಿಗೂ ಬೆಂಕಿ ವಿಮೆ ಕೊಡಬೇಕು. ಉದ್ದೇಶ ಒಳ್ಳೆಯದೇ. ಆದರೆ ಹಳೇ ಕಟ್ಟಡದ ಓನರ್‌ಗಳಲ್ಲಿ ಕೆಲವರು ಅದರಲ್ಲೇ ದಾರಿ ಕಂಡುಕೊಂಡರು. ಬಾಡಿಗೆಯಿಂದ ಖರ್ಚು ಹುಟ್ಟುತ್ತಿಲ್ಲ. ಮಾರಲು ಹೋದರೆ ಕೊಳ್ಳುವವರಿಲ್ಲ. ರಿಪೇರಿಗೆ ಬ್ಯಾಂಕ್ ಸಾಲ ಇಲ್ಲ. ಕಟ್ಟಡ ನಿಂತಿದ್ದರೆ ನಷ್ಟ, ಸುಟ್ಟರೆ ಲಾಭ.

ಕೆಲಸ ನಡೆಯುತ್ತಿದ್ದ ರೀತಿ ಹೀಗೆ. ಮೊದಲು ಬಾಯ್ಲರ್ ಕೆಡುತ್ತದೆ, ರಿಪೇರಿ ಮಾಡಿಸುವುದಿಲ್ಲ. ಜನವರಿಯ ಹಿಮದಲ್ಲಿ ಮನೆಗೆ ಶಾಖ ಇಲ್ಲ, ಬಿಸಿನೀರಿಲ್ಲ. ಜನ ಒಬ್ಬೊಬ್ಬರಾಗಿ ಹೊರಡುತ್ತಾರೆ. ಖಾಲಿ ಮನೆಗಳಿಂದ ತಾಮ್ರದ ಪೈಪು ಕಿತ್ತು ಗುಜರಿಗೆ ಮಾರುತ್ತಾರೆ. ಕಾಗದದ ಮೇಲೆ ಕಟ್ಟಡ ಒಬ್ಬರಿಂದ ಇನ್ನೊಬ್ಬರಿಗೆ ಮಾರಾಟವಾಗುತ್ತದೆ, ಪ್ರತಿ ಸಲ ಬೆಲೆ ಏರುತ್ತದೆ, ವಿಮೆಯ ಮೊತ್ತವೂ ಏರುತ್ತದೆ. ಕೊನೆಗೆ ಬೀದಿಯ ಯಾವನೋ ಹುಡುಗನಿಗೆ ಪುಡಿಕಾಸು ಕೊಟ್ಟು ಮೇಲಿನ ಅಂತಸ್ತಿನಲ್ಲಿ ಬೆಂಕಿ ಹಚ್ಚಿಸುತ್ತಾರೆ. ಛಾವಣಿ ಹೋದರೆ, ಅಗ್ನಿಶಾಮಕದವರು ಸುರಿದ ನೀರಿಗೆ ಕೆಳಗಿನ ಮನೆಗಳೂ ಹಾಳು. ಹುಡುಗ ಸಿಕ್ಕಿಬಿದ್ದರೆ ಜೈಲು. ಚೆಕ್ ಹೋಗುವುದು ಓನರ್ ಮನೆಗೆ.

ಎಲ್ಲ ಬೆಂಕಿಯೂ ಹಚ್ಚಿದ್ದಲ್ಲ, ಅದನ್ನೂ ಹೇಳಬೇಕು. ಹಳೇ ವೈರಿಂಗ್, ಚಳಿಗೆ ಉರಿಸಿದ ಒಲೆ, ಪಾಳು ಮನೆಯಲ್ಲಿ ಮಲಗಿದವರ ಸಿಗರೇಟು, ಇವೆಲ್ಲ ಇದ್ದವು. ಮನೆ ಸುಟ್ಟವರಿಗೆ ಸರ್ಕಾರಿ ವಸತಿಯ ಸರದಿಯಲ್ಲಿ ಮೊದಲ ಜಾಗ ಎಂಬ ನಿಯಮವಿದ್ದುದರಿಂದ ತಾವೇ ಬೆಂಕಿ ಹಚ್ಚಿಕೊಂಡ ಬಾಡಿಗೆದಾರರೂ ಇದ್ದರು. ಆದರೆ ಸಣ್ಣ ಬೆಂಕಿ ಇಡೀ ಕಟ್ಟಡ ನುಂಗಿದ್ದಕ್ಕೆ ಇನ್ನೊಂದು ಕಾರಣ ಇತ್ತು. ನಗರಕ್ಕೆ ದುಡ್ಡಿನ ಮುಗ್ಗಟ್ಟು. ಎಲ್ಲಿ ಉಳಿಸಬಹುದು ಎಂದು ನೋಡಲು ರ‍್ಯಾಂಡ್ ಎಂಬ ಸಂಶೋಧನಾ ಸಂಸ್ಥೆಯಿಂದ ಕಂಪ್ಯೂಟರ್ ಲೆಕ್ಕ ಹಾಕಿಸಿದರು. ಆ ಲೆಕ್ಕ ಹಿಡಿದುಕೊಂಡು ಅಗ್ನಿಶಾಮಕ ತಂಡಗಳನ್ನು ಮುಚ್ಚಿದರು. ಎಲ್ಲಿ? ಹೆಚ್ಚು ಬೆಂಕಿ ಬೀಳುತ್ತಿದ್ದ ದಕ್ಷಿಣ ಬ್ರಾಂಕ್ಸ್‌ನಲ್ಲೂ ಮುಚ್ಚಿದರು! ಉಳಿದ ತಂಡಗಳು ಒಂದು ಬೆಂಕಿ ಆರಿಸಿ ಇನ್ನೊಂದಕ್ಕೆ ಓಡುತ್ತಿದ್ದವು. 1975ರಲ್ಲಿ ನಗರ ದಿವಾಳಿಯ ಅಂಚಿಗೆ ಬಂದಾಗ ಸಾವಿರಾರು ಪೊಲೀಸರನ್ನೂ ನೂರಾರು ಅಗ್ನಿಶಾಮಕ ಸಿಬ್ಬಂದಿಯನ್ನೂ ಕೆಲಸದಿಂದ ತೆಗೆದರು.

ಇದರ ಹಿಂದೆ ಒಂದು ಮನೋಭಾವವೂ ಇತ್ತು. 1970ರಲ್ಲಿ ಅಧ್ಯಕ್ಷ ನಿಕ್ಸನ್‌ಗೆ ಸಲಹೆಗಾರರಾಗಿದ್ದ ಡೇನಿಯಲ್ ಪ್ಯಾಟ್ರಿಕ್ ಮೊಯ್ನಿಹಾನ್ ಒಂದು ಟಿಪ್ಪಣಿ ಬರೆದರು. ಬಡ ಕಪ್ಪು ಬಡಾವಣೆಗಳ ಬೆಂಕಿಯನ್ನು ಸಮಾಜದ ರೋಗಲಕ್ಷಣ ಎಂದರು. ಜನಾಂಗದ ವಿಷಯವನ್ನು ಸ್ವಲ್ಪ ಕಾಲ ಸುಮ್ನೆ ಬಿಡುವುದು ಒಳ್ಳೆಯದು ಎಂದೂ ಸೂಚಿಸಿದರು. 1976ರಲ್ಲಿ ನಗರದ ವಸತಿ ಅಧಿಕಾರಿ ರೋಜರ್ ಸ್ಟಾರ್ ಇನ್ನೂ ಮುಂದೆ ಹೋದರು. ಇಂಥ ಬಡಾವಣೆಗಳಿಂದ ಠಾಣೆ, ಶಾಲೆ, ರೈಲು ನಿಲ್ದಾಣ ಹಿಂದಕ್ಕೆ ತೆಗೆದುಕೊಂಡು ಅವು ತಾವಾಗೇ ಕುಗ್ಗಲು ಬಿಡೋಣ ಎಂದರು. ಅಲ್ಲಿ ಲಕ್ಷಾಂತರ ಜನ ಬದುಕುತ್ತಿದ್ದರು. ಮಕ್ಕಳು ಅಲ್ಲಿಂದಲೇ ಶಾಲೆಗೆ ಹೋಗುತ್ತಿದ್ದರು.

ಫಲಿತಾಂಶ ಜನಗಣತಿಯಲ್ಲಿದೆ. 1970ರಿಂದ 1980ರ ನಡುವೆ ಬ್ರಾಂಕ್ಸ್‌ನ ಏಳು ಗಣತಿ ವಲಯಗಳು ತಮ್ಮ ಶೇ 97ಕ್ಕೂ ಹೆಚ್ಚು ಕಟ್ಟಡ ಕಳೆದುಕೊಂಡವು. 44 ವಲಯಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹೋಯಿತು. ಇಡೀ ಬ್ರಾಂಕ್ಸ್‌ನಿಂದ ಸುಮಾರು 3 ಲಕ್ಷ ಜನ ಕಡಿಮೆಯಾದರು. ಯುದ್ಧವೇ ನಡೆಯದ ಊರಿನ ಲೆಕ್ಕ ಇದು.

1977ರ ಜುಲೈನಲ್ಲಿ ನಗರದಲ್ಲಿ ಕರೆಂಟ್ ಹೋಗಿ ಒಂದು ದಿನ ಕತ್ತಲಾಯಿತು. 1,600ಕ್ಕೂ ಹೆಚ್ಚು ಅಂಗಡಿಗಳಿಗೆ ಹಾನಿ, ಸಾವಿರಕ್ಕೂ ಹೆಚ್ಚು ಬೆಂಕಿ. ಬ್ರಾಂಕ್ಸ್‌ನ ಒಂದು ಷೋರೂಮಿನಿಂದ 50 ಹೊಸ ಕಾರು ಓಡಿಸಿಕೊಂಡು ಹೋದರು. ಅಕ್ಟೋಬರ್ 5ರಂದು ಅಧ್ಯಕ್ಷ ಜಿಮ್ಮಿ ಕಾರ್ಟರ್ ಷಾರ್ಲೆಟ್ ಬೀದಿಗೆ ಬಂದು ಇಟ್ಟಿಗೆ ರಾಶಿಗಳ ನಡುವೆ ನಡೆದರು. 1980ರಲ್ಲಿ ರೊನಾಲ್ಡ್ ರೇಗನ್ ಅದೇ ಬೀದಿಗೆ ಬಂದು ಮತ ಕೇಳಿದರು. ಫೋಟೋ ಚೆನ್ನಾಗಿ ಬಂತು, ಮನೆ ಬರಲಿಲ್ಲ. 1983ರಲ್ಲಿ ನಗರಾಡಳಿತ ಮಾಡಿದ್ದು ಕೇಳಿ. ಎಕ್ಸ್‌ಪ್ರೆಸ್‌ವೇ ಪಕ್ಕದ ಪಾಳು ಕಟ್ಟಡಗಳ ಕಿಟಕಿಗಳ ಮೇಲೆ ಪ್ಲಾಸ್ಟಿಕ್ ಸ್ಟಿಕ್ಕರ್ ಅಂಟಿಸಿದರು. ಅದರಲ್ಲಿ ಪರದೆ, ಹೂಕುಂಡದ ಚಿತ್ರ. ಕಾರಿನಲ್ಲಿ ಹೋಗುವವರಿಗೆ ಒಳಗೆ ಯಾರೋ ಇದ್ದಾರೆ ಅನ್ನಿಸಲಿ ಅಂತ. ಎದುರು ಕಟ್ಟಡದಲ್ಲಿ ನಿಜವಾಗಿ ವಾಸವಾಗಿದ್ದವರ ಕಣ್ಣಿಗೆ ಅದು ಹೇಗೆ ಕಂಡಿರಬೇಕು?

ನಾನು ಈ ಊರಿನ ಬಗ್ಗೆ ಮಾತಾಡಲು ಹೊರಟದ್ದು ಆ ಎದುರು ಕಟ್ಟಡದವರಿಗಾಗಿ. ಬಿಟ್ಟು ಹೋಗದವರು, ಹೋಗಲು ದಿಕ್ಕಿಲ್ಲದವರು. ಅವರು ಕೈಕಟ್ಟಿ ಕೂರಲಿಲ್ಲ.

ಪುಂಡರ ಗುಂಪುಗಳು ಅಂದೆನಲ್ಲ, ಅವು ನಿಜವೇ. 1971ರ ಡಿಸೆಂಬರ್‌ನಲ್ಲಿ ಘೆಟ್ಟೋ ಬ್ರದರ್ಸ್ ಎಂಬ ಗುಂಪು ಎದುರಾಳಿಗಳ ಜಗಳ ಬಿಡಿಸಲು ಬ್ಲ್ಯಾಕ್ ಬೆಂಜಿ ಎಂಬ ಯುವಕನನ್ನು ಕಳಿಸಿತು. ಅವನನ್ನು ಹೊಡೆದು ಕೊಂದರು. ಎಲ್ಲರೂ ಸೇಡಿನ ರಕ್ತಪಾತ ನಿರೀಕ್ಷಿಸಿದ್ದರು. ಆದರೆ ಡಿಸೆಂಬರ್ 8ರಂದು ಹೋ ಅವೆನ್ಯೂದ ಹುಡುಗರ ಕ್ಲಬ್ಬಿನಲ್ಲಿ ಹತ್ತಾರು ಗುಂಪುಗಳವರು ಒಟ್ಟಿಗೆ ಕೂತು ಶಾಂತಿ ಒಪ್ಪಂದ ಮಾಡಿಕೊಂಡರು. ಒಪ್ಪಂದ ಎಲ್ಲ ಕಡೆ ಉಳಿಯಲಿಲ್ಲ. ಆದರೂ ಒಂದು ಗುಂಪಿನ ಬೀದಿಯಿಂದ ಇನ್ನೊಂದಕ್ಕೆ ಹುಡುಗರು ಓಡಾಡುವಂತಾಯಿತು. 1973ರ ಆಗಸ್ಟ್ 11ರಂದು 1520, ಸೆಜ್‌ವಿಕ್ ಅವೆನ್ಯೂ ಎಂಬ ಕಟ್ಟಡದ ಹಾಲ್‌ನಲ್ಲಿ ಸಿಂಡಿ ಕ್ಯಾಂಪ್‌ಬೆಲ್ ಎಂಬ ಹುಡುಗಿ ಒಂದು ಪಾರ್ಟಿ ಇಟ್ಟುಕೊಂಡಳು. ಶಾಲೆ ಶುರುವಾಗುವ ಮುಂಚೆ ಹೊಸ ಬಟ್ಟೆಗೆ ದುಡ್ಡು ಬೇಕಿತ್ತು. ಹುಡುಗಿಯರಿಗೆ 25 ಸೆಂಟ್, ಹುಡುಗರಿಗೆ 50 ಸೆಂಟ್. ರೆಕಾರ್ಡ್ ಹಾಕಿದ್ದು ಅವಳ ಅಣ್ಣ ಕ್ಲೈವ್, ಜಮೈಕಾದಿಂದ ಬಂದವನು, ಮುಂದೆ ಡಿಜೆ ಕೂಲ್ ಹರ್ಕ್ ಎಂದು ಹೆಸರಾದವನು. ಹಾಡು ನಿಂತು ಡ್ರಮ್ ಮಾತ್ರ ಬರುವ ಆ ಕೆಲವು ಕ್ಷಣಕ್ಕೆ ಕುಣಿಯುವವರು ಕಾದಿರುತ್ತಾರೆ ಎಂದು ಅವನು ಗಮನಿಸಿದ್ದ. ಒಂದೇ ರೆಕಾರ್ಡಿನ ಎರಡು ಪ್ರತಿ ಇಟ್ಟುಕೊಂಡು ಆ ತುಣುಕನ್ನೇ ಹಿಂದೆ ಮುಂದೆ ಮಾಡಿ ಬೇಕಾದಷ್ಟು ಎಳೆಯುವ ಉಪಾಯ ಕಂಡುಕೊಂಡ. ಇವತ್ತು ಕನ್ನಡದಲ್ಲೂ ರ‍್ಯಾಪ್ ಹಾಡುವ ಹುಡುಗರಿದ್ದಾರೆ, ಅಲ್ವಾ? ಹಿಪ್‌ಹಾಪ್ ಎಂಬ ಆ ದೊಡ್ಡ ಹೊಳೆಯ ಮೂಲ ಬ್ರಾಂಕ್ಸ್‌ನ ಆ ಹಾಲ್‌ನಲ್ಲಿದೆ.

ಕೆಲ್ಲಿ ಬೀದಿಯಲ್ಲಿ 1977ರಲ್ಲಿ ಮೂರು ಕಟ್ಟಡ ಕೆಡವಲು ನಗರ ಹೊರಟಿತ್ತು. ಬೀದಿಯವರು ಅಡ್ಡ ನಿಂತರು. ತಾವೇ ಕಸ ಹೊತ್ತು, ಗೋಡೆ ಕಟ್ಟಿ, ಪೈಪ್ ಹಾಕಿ ರಿಪೇರಿ ಮಾಡಿದರು. ದುಡ್ಡಿನ ಬದಲು ಬೆವರೇ ಅವರ ಬಂಡವಾಳ. ಆ ತಿರುವಿನ ಬೀದಿಯನ್ನು ಜನ ಬನಾನಾ ಕೆಲ್ಲಿ ಎನ್ನುತ್ತಿದ್ದರು, ಸಂಸ್ಥೆಗೂ ಅದೇ ಹೆಸರಾಯಿತು. ಜಾಗ ಬಿಡಬೇಡಿ, ಸರಿಮಾಡಿ ಎಂಬುದು ಅವರ ಘೋಷಣೆ.

ಇನ್ನು ಜೆನೆವೀವ್ ಬ್ರೂಕ್ಸ್. ದಕ್ಷಿಣ ಕ್ಯಾರೊಲಿನಾದಿಂದ ಬಂದ ಕಪ್ಪು ಮಹಿಳೆ. ಷಾರ್ಲೆಟ್ ಬೀದಿಯ ಹತ್ತಿರವೇ ಮನೆ. ಮೊದಲು ತಮ್ಮ ಕಟ್ಟಡದ ಬಾಡಿಗೆದಾರರನ್ನು ಸೇರಿಸಿ ಸಂಘ ಕಟ್ಟಿದರು. 1974ರಲ್ಲಿ ಅಕ್ಕಪಕ್ಕದವರ ಜೊತೆ ಮಿಡ್-ಬ್ರಾಂಕ್ಸ್ ಡೆಸ್ಪರಾಡೋಸ್ ಎಂಬ ಸಂಸ್ಥೆ ಹುಟ್ಟಿಸಿದರು. ಅಧ್ಯಕ್ಷರು ಬಂದು ಹೋದ ಆ ಬೀದಿಯಲ್ಲಿ ಏನು ಕಟ್ಟಬೇಕು ಎಂಬ ಪ್ರಶ್ನೆ ಬಂದಾಗ, ನಗರ ಯೋಜಕ ಎಡ್ ಲೋಗ್ ಅವರ ಜೊತೆ ಸೇರಿ ಇವರು ಹಿಡಿದದ್ದು ಯಾರೂ ಊಹಿಸದ ದಾರಿ. ಬಹುಮಹಡಿ ಕಟ್ಟಡ ಬೇಡ, ಪುಟ್ಟ ಪುಟ್ಟ ಸ್ವಂತ ಮನೆ. ಸುತ್ತ ಹುಲ್ಲು, ಬೇಲಿ. ಕಾರ್ಖಾನೆಯಲ್ಲಿ ತಯಾರಿಸಿದ ಮನೆಗಳನ್ನು ಲಾರಿಯಲ್ಲಿ ತಂದು ಕೂರಿಸಿದರು. ಮೊದಲ ಎರಡು ಮಾದರಿ ಮನೆ 1983ರಲ್ಲಿ ಎದ್ದವು. ಒಟ್ಟು ಸುಮಾರು 90 ಮನೆ, ಒಂದರ ಬೆಲೆ 50,000 ಡಾಲರ್ ಆಸುಪಾಸು. ನ್ಯೂಯಾರ್ಕ್‌ನಂಥ ಊರಲ್ಲಿ ಇಷ್ಟು ಜಾಗ ಹಾಳು ಮಾಡುವುದೇ ಎಂದು ಟೀಕಿಸಿದವರು ಬಹಳ. ಆ ಟೀಕೆಯಲ್ಲಿ ಅರ್ಥ ಇದೆ. ಆದರೆ ಇನ್ನು ಈ ಬೀದಿಯ ಕಥೆ ಮುಗಿಯಿತು ಎಂದವರಿಗೆ ಅದಕ್ಕಿಂತ ಒಳ್ಳೆಯ ಉತ್ತರ ಇರಲಿಲ್ಲ ಎಂದೇ ನನ್ನ ಅಭಿಪ್ರಾಯ. ಮನೆ ಕೊಂಡವರು ಅಲ್ಲೇ ನಿಂತರು. ಬ್ರೂಕ್ಸ್ ಮುಂದೆ ಬ್ರಾಂಕ್ಸ್ ಆಡಳಿತದ ಉಪಾಧ್ಯಕ್ಷೆಯೂ ಆದರು. 1980ರ ದಶಕದ ನಡುವೆ ಮೇಯರ್ ಎಡ್ ಕಾಚ್ 500 ಕೋಟಿ ಡಾಲರ್‌ನ ಹತ್ತು ವರ್ಷದ ವಸತಿ ಯೋಜನೆ ತಂದಾಗ, ಕೆಲಸ ವಹಿಸಲು ಇಂಥ ಬೀದಿ ಸಂಸ್ಥೆಗಳು ತಯಾರಾಗಿದ್ದವು.

ಮನೆ ಎದ್ದ ಕೂಡಲೇ ಅಪರಾಧ ಇಳಿಯಲಿಲ್ಲ. ಕ್ರ್ಯಾಕ್ ಕೊಕೇನ್ ಬಂತು, ಬಂದೂಕು ಬಂತು. 1990ರಲ್ಲಿ ನ್ಯೂಯಾರ್ಕ್ ನಗರದಲ್ಲಿ 2,245 ಕೊಲೆ. ಆ ವರ್ಷದ ಮಾರ್ಚ್ 25ರಂದು ಬ್ರಾಂಕ್ಸ್‌ನ ಹ್ಯಾಪಿ ಲ್ಯಾಂಡ್ ಎಂಬ ಅನಧಿಕೃತ ಕ್ಲಬ್ಬಿಗೆ ಒಬ್ಬ ಪೆಟ್ರೋಲ್ ಸುರಿದು ಬೆಂಕಿ ಇಟ್ಟ. 87 ಜನ ಸತ್ತರು, ಹೆಚ್ಚಿನವರು ಹೊಂಡುರಾಸ್‌ನಿಂದ ಬಂದವರು.

ಆಮೇಲೆ ಕೊಲೆಗಳು ಇಳಿಯುತ್ತಾ ಬಂದವು. 2017ರಲ್ಲಿ ಇಡೀ ನಗರದಲ್ಲಿ 292. ಈ ಇಳಿಕೆಯ ಕೀರ್ತಿಯನ್ನು ಪೊಲೀಸರು ತಮ್ಮದೆಂದರು. ಅವರ ಪಾಲು ಇಲ್ಲ ಎನ್ನಲಾಗದು. ಆದರೆ ಬೆಲೆ ತೆತ್ತವರು ಯಾರು? 1999ರ ಫೆಬ್ರುವರಿಯಲ್ಲಿ ಬ್ರಾಂಕ್ಸ್‌ನ ತನ್ನ ಮನೆ ಬಾಗಿಲಲ್ಲಿ ನಿಂತಿದ್ದ ಗಿನಿ ದೇಶದ ಯುವಕ ಅಮಾಡು ಡಿಯಾಲೋ ಮೇಲೆ ಮಫ್ತಿಯಲ್ಲಿದ್ದ ನಾಲ್ವರು ಪೊಲೀಸರು 41 ಗುಂಡು ಹಾರಿಸಿದರು. ಅವನ ಕೈಯಲ್ಲಿದ್ದದ್ದು ಪರ್ಸು. ನಾಲ್ವರೂ ಖುಲಾಸೆಯಾದರು. 2011ರಲ್ಲಿ ಪೊಲೀಸರು ಬೀದಿಯಲ್ಲಿ ತಡೆದು ತಪಾಸಣೆ ಮಾಡಿದ್ದು 6 ಲಕ್ಷ 85 ಸಾವಿರ ಸಲ. ಹತ್ತರಲ್ಲಿ ಸುಮಾರು ಒಂಬತ್ತು ಸಲ ಏನೂ ತಪ್ಪು ಸಿಗಲಿಲ್ಲ. 2013ರಲ್ಲಿ ನ್ಯಾಯಾಲಯ ಇದು ಸಂವಿಧಾನಕ್ಕೆ ವಿರುದ್ಧ ಎಂದಿತು. ತಡೆಯುವುದು ಹತ್ತಾರು ಪಟ್ಟು ಕಡಿಮೆಯಾಯಿತು. ಕೊಲೆ ಜಾಸ್ತಿ ಆಗಲಿಲ್ಲ, ಇನ್ನೂ ಇಳಿಯಿತು. ಸಮಾಜಶಾಸ್ತ್ರಜ್ಞ ಪ್ಯಾಟ್ರಿಕ್ ಷಾರ್ಕಿ ಮತ್ತು ಜೊತೆಗಾರರು ಅಮೆರಿಕದ 264 ನಗರಗಳ ಎರಡು ದಶಕದ ಅಂಕಿಅಂಶ ನೋಡಿದ್ದಾರೆ. ಲಕ್ಷ ಜನಕ್ಕೆ ಬನಾನಾ ಕೆಲ್ಲಿಯಂಥ ಸ್ಥಳೀಯ ಸಂಸ್ಥೆ ಹತ್ತು ಹೆಚ್ಚಾದರೆ ಕೊಲೆಯ ಪ್ರಮಾಣ ಶೇ 9ರಷ್ಟು ಇಳಿಯುತ್ತದೆ ಎಂಬುದು ಅವರ ಲೆಕ್ಕ. ಕೆಲ್ಲಿ ಬೀದಿಯಲ್ಲಿ ಕಸ ಹೊತ್ತವರಿಗೂ ಆ ಕೀರ್ತಿಯಲ್ಲಿ ಪಾಲಿದೆ.

1970ರಲ್ಲಿ ಬ್ರಾಂಕ್ಸ್‌ನ ಜನಸಂಖ್ಯೆ 14,71,701. 2020ರಲ್ಲಿ 14,72,654. ಹಳೆಯ ಸಂಖ್ಯೆ ಮುಟ್ಟಲು ಐವತ್ತು ವರ್ಷ ಬೇಕಾಯಿತು. ಈಗ ನದಿ ದಂಡೆಯಲ್ಲಿ ಗಾಜಿನ ಗೋಪುರಗಳು ಏಳುತ್ತಿವೆ, ಬಾಡಿಗೆ ಏರುತ್ತಿದೆ. 2015ರಲ್ಲಿ ಅಲ್ಲಿ ಜಾಗ ಕೊಂಡ ಬಿಲ್ಡರ್ ಒಬ್ಬರ ಪಾರ್ಟಿಯಲ್ಲಿ ಅಲಂಕಾರಕ್ಕೆ ಬೆಂಕಿ ಹಾಕಿದ ಕಸದ ಡಬ್ಬ, ಗುಂಡಿನ ತೂತಿರುವ ಕಾರು ಇಟ್ಟಿದ್ದರು. ಮನೆ ಸುಟ್ಟು ಬೀದಿಗೆ ಬಿದ್ದವರ ಮಕ್ಕಳು ಇನ್ನೂ ಅಕ್ಕಪಕ್ಕದಲ್ಲೇ ಇದ್ದಾರೆ. ಅವರಿಗೆ ಸಿಟ್ಟು ಬಂತು, ಬರಬೇಕಾದದ್ದೇ. 2022ರ ಜನವರಿಯಲ್ಲಿ ಟ್ವಿನ್ ಪಾರ್ಕ್ಸ್ ಎಂಬ ಕಟ್ಟಡದಲ್ಲಿ ಒಂದು ರೂಂ ಹೀಟರ್‌ನಿಂದ ಬೆಂಕಿ ಹತ್ತಿತು. ತಾನಾಗೇ ಮುಚ್ಚಿಕೊಳ್ಳಬೇಕಿದ್ದ ಬಾಗಿಲು ಮುಚ್ಚಲಿಲ್ಲ. ಹೊಗೆಗೆ 17 ಜನ ಸತ್ತರು. ಅವರಲ್ಲಿ ಎಂಟು ಮಕ್ಕಳು.

ಬ್ರಾಂಕ್ಸ್‌ನ ಬಾಡಿಗೆದಾರರು ಮಾತ್ರ ಹಳೇ ಅಭ್ಯಾಸ ಬಿಟ್ಟಿಲ್ಲ. ಗ್ರ್ಯಾಂಡ್ ಕಾನ್‌ಕೋರ್ಸ್‌ನಲ್ಲಿ ಮನೆ ವ್ಯಾಜ್ಯಗಳ ಕೋರ್ಟ್ ಇದೆ. ಮನೆ ಬಿಡಿಸುವ ಕೇಸುಗಳಲ್ಲಿ ಓನರ್ ಕಡೆ ವಕೀಲರು ಇದ್ದೇ ಇರುತ್ತಿದ್ದರು. ಬಾಡಿಗೆದಾರರ ಕಡೆ ಹೆಚ್ಚಾಗಿ ಯಾರೂ ಇಲ್ಲ. ನೈಋತ್ಯ ಬ್ರಾಂಕ್ಸ್‌ನ ಕಾಸಾ ಎಂಬ ಬಾಡಿಗೆದಾರರ ಸಂಘಟನೆ ಕಟ್ಟಡ ಕಟ್ಟಡಕ್ಕೂ ಹೋಗಿ ಜನರನ್ನು ಸೇರಿಸಿತು. ನಗರದ ಇತರ ಸಂಘಟನೆಗಳೂ ಜೊತೆಯಾದವು. 2017ರ ಆಗಸ್ಟ್‌ನಲ್ಲಿ ಕಾನೂನು ಬಂತು. ಒಕ್ಕಲೆಬ್ಬಿಸುವ ಕೇಸಿನಲ್ಲಿ ಬಡ ಬಾಡಿಗೆದಾರರಿಗೆ ಉಚಿತವಾಗಿ ವಕೀಲರನ್ನು ಕೊಡಬೇಕು ಎಂದು ಅಮೆರಿಕದಲ್ಲಿ ಮೊದಲು ಹೇಳಿದ ನಗರ ನ್ಯೂಯಾರ್ಕ್. ಈಗ ಕೇಸು ಜಾಸ್ತಿ, ವಕೀಲರು ಸಾಲುತ್ತಿಲ್ಲ. ಇದಕ್ಕೆ ಇನ್ನಷ್ಟು ಹಣ ಇಡಿ ಎಂದು ಬಾಡಿಗೆದಾರರು ನಗರಾಡಳಿತವನ್ನು ಕೇಳುತ್ತಲೇ ಇದ್ದಾರೆ.

ಇಷ್ಟು ಹೊತ್ತು ಕೇಳಿದ್ದಕ್ಕೆ ವಂದನೆ. ನಮಸ್ಕಾರ.